‘ಎಂಥದೂ ಇಲ್ಲ’ ಎನ್ನುವವರ ಜೊತೆ ಮಾತು

ಈ ಸಲ ಬಂದ ಪತ್ರಗಳಲ್ಲಿ ನಾಲ್ಕನ್ನು ಒಟ್ಟಿಗೆ ಎತ್ತಿಕೊಂಡಿದ್ದೇನೆ. ಬರೆದವರ ಊರು ಬೇರೆ, ವಯಸ್ಸು ಬೇರೆ. ಆದರೆ ಮನೆಯ, ತೋಟದ, ಕಚೇರಿಯ ಗಂಡಸರೊಡನೆ ದಿನನಿತ್ಯದ ಮಾತನ್ನು ಮನಸ್ಸು ನೋಯದಂತೆ, ನೋಯಿಸದಂತೆ ಆಡುವುದು ಹೇಗೆ ಎಂಬುದನ್ನೇ ನಾಲ್ವರೂ ಕೇಳಿದ್ದಾರೆ. ಗುರುತು ಹತ್ತುವಂಥ ವಿವರಗಳನ್ನು ತೆಗೆದಿದ್ದೇನೆ.

ಪ್ರಶ್ನೆ: ನಾನು ಹೊಸನಗರ ತಾಲ್ಲೂಕಿನ ಹಳ್ಳಿಯೊಂದರ ಗೃಹಿಣಿ, ವಯಸ್ಸು 43. ನಮ್ಮ ಎರಡು ಎಕರೆ ಅಡಿಕೆ ತೋಟಕ್ಕೆ ಎಲೆಚುಕ್ಕಿ ರೋಗ ತಗುಲಿ ಮೂರು ವರ್ಷವಾಯಿತು. ಅಂದಿನಿಂದ ನಮ್ಮ ಮನೆಯವರು ಮಾತು ಕಡಿಮೆ ಮಾಡಿದ್ದಾರೆ. ಏನಾಯಿತು ಎಂದು ಕೇಳಿದರೆ ‘ಎಂಥದೂ ಇಲ್ಲ’ ಎನ್ನುತ್ತಾರೆ. ಮನಸ್ಸು ಬಿಚ್ಚಿ ಮಾತನಾಡಿದರೆ ಹಗುರವಾಗುತ್ತದೆ ಎಂದು ಕೇಳಿದ್ದರಿಂದ ಒಂದು ರಾತ್ರಿ ಊಟವಾದ ಮೇಲೆ ಎದುರು ಕೂರಿಸಿಕೊಂಡು, ‘ಇವತ್ತು ಎಲ್ಲ ಹೇಳಲೇಬೇಕು’ ಎಂದೆ. ಅವರು ಕವಳದ (ಎಲೆ-ಅಡಿಕೆಯ) ತಟ್ಟೆ ಹಿಡಿದು ಜಗಲಿಗೆ ಎದ್ದು ಹೋದರು. ಇನ್ನೊಮ್ಮೆ, ‘ಆಚೆ ಊರಿನವರನ್ನು ನೋಡಿದರೆ ನಮ್ಮದೇ ವಾಸಿ, ಅಷ್ಟೊಂದು ತಲೆಗೆ ಹಚ್ಚಿಕೊಳ್ಳಬೇಡಿ’ ಎಂದಿದ್ದಕ್ಕೆ ರೇಗಿಬಿಟ್ಟರು. ನಾನು ತಪ್ಪಿದ್ದೆಲ್ಲಿ?

ಉತ್ತರ: ನಿಮ್ಮ ಕಾಳಜಿಯಲ್ಲಿ ತಪ್ಪೇನೂ ಇಲ್ಲ. ಅದನ್ನು ತೋರಿಸಿದ ರೀತಿ ಅವರಿಗೆ ಒಗ್ಗಲಿಲ್ಲ, ಮತ್ತು ಒಗ್ಗದಿರುವುದಕ್ಕೆ ಕಾರಣಗಳಿವೆ.

ಮೊದಲು ಅವರು ನಿಂತ ಜಾಗದಲ್ಲಿ ನಿಂತು ಆ ತೋಟವನ್ನು ನೋಡೋಣ. ಮಲೆನಾಡಿನ ಬೆಳೆಗಾರನಿಗೆ ರೋಗ ಹೊಸದಲ್ಲ. ಮಳೆಗಾಲದಲ್ಲಿ ಅಡಿಕೆಗೆ ಕೊಳೆರೋಗ ಬರುತ್ತದೆಂಬುದು ಅವನಿಗೆ ಗೊತ್ತು, ಅದಕ್ಕೇನು ಮಾಡಬೇಕೆಂಬುದೂ ಗೊತ್ತು: ಮುಂಗಾರು ಬಲಿಯುವ ಮೊದಲೇ 100 ಲೀಟರ್ ನೀರಿಗೆ ಒಂದು ಕಿಲೊ ಮೈಲುತುತ್ತ, ಒಂದು ಕಿಲೊ ಸುಣ್ಣದ ಲೆಕ್ಕದಲ್ಲಿ ಬೋರ್ಡೋ ದ್ರಾವಣ ಮಾಡಿ ಕೊನೆಗಳಿಗೆ (ಅಡಿಕೆ ಗೊನೆಗಳಿಗೆ) ಹೊಡೆಸಬೇಕು, 40-45 ದಿನ ಬಿಟ್ಟು ಮಳೆ ಹೊಳವಾದಾಗ ಇನ್ನೊಮ್ಮೆ ಹೊಡೆಸಬೇಕು. ಆ ತಿಳಿವಳಿಕೆ ಅಪ್ಪನಿಂದ ಮಗನಿಗೆ ಬಂದದ್ದು, ಅವನ ಧೈರ್ಯವೂ ಅದರ ಮೇಲೆಯೇ ನಿಂತದ್ದು. ಎಲೆಚುಕ್ಕಿ ಆ ಧೈರ್ಯವನ್ನು ಅಲುಗಿಸಿತು. ಶಿಲೀಂಧ್ರದಿಂದ ಬರುವ ಈ ರೋಗದ ಕಣಗಳು ಮಳೆಹನಿ ಮತ್ತು ಗಾಳಿಯ ಜೊತೆ ಮರದಿಂದ ಮರಕ್ಕೆ, ತೋಟದಿಂದ ತೋಟಕ್ಕೆ ದಾಟುತ್ತವೆ. ನಿಮ್ಮವರು ಚುಕ್ಕಿ ಬಿದ್ದ ಸೋಗೆಗಳನ್ನು ಕಡಿಸಿ ಸುಟ್ಟು, ಕೂಲಿ ಕೊಟ್ಟು ಔಷಧಿ ಹೊಡೆಸಿದರೂ, ಬೇಲಿಯಾಚೆಯವರು ಕೈಕಟ್ಟಿ ಕುಳಿತರೆ ಮುಂದಿನ ಮಳೆಗೆ ಅದು ಮರಳಿ ಬರುತ್ತದೆ. ಒಬ್ಬನ ದುಡಿಮೆಯಿಂದ ತೀರದ ಕಷ್ಟ ಇದು. ತನ್ನ ಕೈಲಾದದ್ದನ್ನೆಲ್ಲ ಮಾಡಿಯೂ ತೋಟವನ್ನು ಕಾಪಾಡಲಾಗಲಿಲ್ಲ ಎಂಬ ಸಂಕಟದಲ್ಲಿರುವವರಿಗೆ ‘ಆಚೆ ಊರಿಗಿಂತ ವಾಸಿ’ ಎಂಬ ಮಾತು ಸಮಾಧಾನವಾಗಿ ಕೇಳುವುದಿಲ್ಲ; ‘ನಿಮ್ಮ ದುಃಖ ಅತಿಯಾಯಿತು’ ಎಂದೇ ಕೇಳುತ್ತದೆ.

ಇನ್ನು ಎದುರು ಕೂರಿಸಿಕೊಂಡ ವಿಷಯ. ನಮ್ಮ ಕಡೆ ಗಂಡಸರನ್ನು ಯಾರಾದರೂ ಎದುರು ಕೂರಿಸಿಕೊಂಡು ಮಾತಾಡಿಸುವುದು ಯಾವಾಗ? ಪಂಚಾಯಿತಿ ಸೇರಿದಾಗ, ಸಾಲ ಕೊಟ್ಟವರು ಮನೆಗೆ ಬಂದಾಗ, ಪಾಲಿನ ತಕರಾರು ಎದ್ದಾಗ. ಆ ಭಂಗಿಯಲ್ಲೇ ವಿಚಾರಣೆಯ ನೆರಳಿದೆ. ಅದರ ಜೊತೆ ‘ಹೇಳಲೇಬೇಕು’ ಎಂಬ ಮಾತು ಸೇರಿದರೆ ಎದ್ದು ಹೋಗುವುದೊಂದೇ ಅವರಿಗೆ ಉಳಿಯುವ ದಾರಿ.

ಹಾಗಿದ್ದರೆ ನಮ್ಮ ಗಂಡಸರು ಮಾತಾಡುವುದು ಯಾವಾಗ ಎಂದು ಕೇಳಿದರೆ, ನನಗೆ ನೆನಪಾಗುವುದು ನಮ್ಮ ಮನೆಯ ಅಡಿಕೆ ಸುಲಿಯುವ ರಾತ್ರಿಗಳು. ಹಂಡೆಯಲ್ಲಿ ಅಡಿಕೆ ಬೇಯುವ ಚೊಗರಿನ ವಾಸನೆ ಅಂಗಳದಿಂದ ಬರುತ್ತಿತ್ತು, ಮೆಟ್ಟುಗತ್ತಿಯ ಮುಂದೆ ಅಪ್ಪಯ್ಯ ಮತ್ತು ಅಮ್ಮ ಪಕ್ಕಪಕ್ಕ ಕುಳಿತಿರುತ್ತಿದ್ದರು. ಅಪ್ಪಯ್ಯ ಹಗಲಿಡೀ ನಾಲ್ಕು ಮಾತು ಆಡಿದರೆ ಹೆಚ್ಚು. ಒಂದು ರಾತ್ರಿ, ಕತ್ತಿಯಿಂದ ಕಣ್ಣೆತ್ತದೆ, ಎಷ್ಟೋ ವರ್ಷದ ಹಿಂದೆ ಜ್ವರದಲ್ಲಿ ತೀರಿಕೊಂಡ ತಂಗಿಯ ಹೆಸರೆತ್ತಿ, ‘ಅವಳನ್ನು ಹೊತ್ತುಕೊಂಡು ಹೊಳೆ ದಾಟಲಿಕ್ಕೆ ಆಗಲಿಲ್ಲ’ ಎಂದರು. ಅಮ್ಮ ಕೈ ನಿಲ್ಲಿಸಲಿಲ್ಲ, ಅವರ ಮುಖವನ್ನೂ ನೋಡಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, ‘ಆವತ್ತು ಮಳೆ ಜೋರಿತ್ತಾ?’ ಎಂದಷ್ಟೇ ಕೇಳಿದರು. ಆಮೇಲೆ ಅಪ್ಪಯ್ಯ ಬುಟ್ಟಿ ಖಾಲಿಯಾಗುವವರೆಗೂ ಮಾತಾಡಿದರು. ಅಮ್ಮ ಸಮಾಧಾನ ಹೇಳಲಿಲ್ಲ, ‘ಹೋಗಲಿ ಬಿಡಿ’ ಎನ್ನಲಿಲ್ಲ, ಹಣೆಬರಹದ ಮಾತು ತೆಗೆಯಲಿಲ್ಲ. ಅಪ್ಪಯ್ಯ ನಿಂತಿದ್ದ ಆ ಹೊಳೆಯ ದಡಕ್ಕೆ ತಾವೂ ಹೋಗಿ ನಿಂತರು, ಅಷ್ಟೆ. ಮುಂದೆ ನಾನು ಈ ವಿಷಯವಾಗಿ ಓದಿದ್ದೆಲ್ಲವೂ ಆ ರಾತ್ರಿಯ ವಿವರಣೆಯಂತೆ ನನಗೆ ಕಂಡಿದೆ. ಅಮೆರಿಕದ ಮನಃಶಾಸ್ತ್ರಜ್ಞ ಕಾರ್ಲ್ ರೋಜರ್ಸ್ 1950ರ ದಶಕದಲ್ಲಿ ವಿವರಿಸಿದ್ದೂ ಇದನ್ನೇ: ಇನ್ನೊಬ್ಬರ ಒಳಲೋಕವನ್ನು ಅದು ತನ್ನದೇ ಎಂಬಂತೆ ಅರಿಯಬೇಕು, ಆದರೆ ಅದು ನಿಜಕ್ಕೂ ತನ್ನದಲ್ಲ ಎಂಬ ಎಚ್ಚರವನ್ನೂ ಬಿಡಬಾರದು. ‘ಅಯ್ಯೋ ಪಾಪ’ ಎನ್ನುವ ಮರುಕಕ್ಕೂ ಇದಕ್ಕೂ ಇರುವ ಅಂತರ ದೊಡ್ಡದು, ಏಕೆಂದರೆ ಮರುಕ ಮೇಲಿನಿಂದ ಕೆಳಗೆ ಬಗ್ಗಿ ನೋಡುತ್ತದೆ, ಮತ್ತು ಗಂಡಸರು ಅದನ್ನು ಬಹಳ ಬೇಗ ಗುರುತಿಸಿ ದೂರ ಸರಿಯುತ್ತಾರೆ.

ನೀವು ಮಾಡಬಹುದಾದದ್ದು ಇಷ್ಟು. ಸಂಜೆ ಅವರು ತೋಟಕ್ಕೆ ಹೊರಟಾಗ ಜೊತೆಯಲ್ಲಿ ಹೋಗಿ. ‘ಹೇಗಿದ್ದೀರಿ’ ಎಂದು ಕೇಳಬೇಡಿ. ‘ಈ ಸಾಲಿನಲ್ಲಿ ಯಾವ ಮರ ಮೊದಲು ಹಿಡಿಯಿತು?’ ಎಂದು ಕೇಳಿ. ನಿಮಗೆ ನಿಜವಾಗಿಯೂ ಗೊತ್ತಿಲ್ಲದ ಪ್ರಶ್ನೆಯನ್ನು ಕೇಳಿ, ಉತ್ತರ ಬಂದ ಮೇಲೆ ಕೂಡಲೇ ಇನ್ನೊಂದನ್ನು ಕೇಳದೆ ನಾಲ್ಕು ಹೆಜ್ಜೆ ಸುಮ್ಮನೆ ನಡೆಯಿರಿ. ಅವರು ಮರದ ಬಗ್ಗೆ, ಸೊಸೈಟಿಯ ಸಾಲದ ಕಂತಿನ ಬಗ್ಗೆ, ಔಷಧಿಯ ಬೆಲೆಯ ಬಗ್ಗೆ ಹೇಳುವುದೆಲ್ಲವೂ ತಮ್ಮ ಬಗ್ಗೆ ಹೇಳಿಕೊಂಡ ಮಾತೇ ಎಂದು ತಿಳಿಯಿರಿ. ಅದನ್ನು ದಾಟಿಸಿ ‘ಮನಸ್ಸಿನ ಮಾತಿಗೆ’ ಎಳೆಯಲು ಹೋಗಬೇಡಿ. ಹಿಂದಿನದ್ದಕ್ಕೆ ಒಂದು ಮಾತು ಹೇಳಬೇಕೆನಿಸಿದರೆ, ‘ಆವತ್ತು ನಮ್ಮದೇ ವಾಸಿ ಅಂದುಬಿಟ್ಟೆ, ನಿಮಗೆ ಏನಾಗ್ತಿದೆ ಅಂತ ನನಗೆ ಪೂರ್ತಿ ಗೊತ್ತಿರಲಿಲ್ಲ’ ಎಂದಷ್ಟು ಹೇಳಿ. ನನ್ನ ಅನುಭವದಲ್ಲಿ, ಗೊತ್ತಿರಲಿಲ್ಲ ಎಂದು ಒಪ್ಪಿಕೊಂಡವರ ಮುಂದೆ ಬಾಯಿ ತೆರೆದಷ್ಟು ಸುಲಭವಾಗಿ ಗಂಡಸರು ಬುದ್ಧಿ ಹೇಳುವವರ ಮುಂದೆ ತೆರೆಯುವುದಿಲ್ಲ.

‘ಎಂಥದೂ ಇಲ್ಲ’ ಎಂಬುದಕ್ಕೆ ನಮ್ಮಲ್ಲಿ ಅರ್ಥ ಹಲವು. ಹೇಳಲು ಮಾತು ಸಿಗುತ್ತಿಲ್ಲ ಎಂದಿರಬಹುದು, ಹೇಳಿದರೆ ನೀನೂ ಹೆದರುತ್ತೀಯ ಎಂದಿರಬಹುದು, ಕೆಲವು ದಿನ ನಿಜವಾಗಿಯೂ ಎಂಥದೂ ಇಲ್ಲದಿರಬಹುದು. ಯಾವುದೆಂದು ನೀವೇ ತೀರ್ಮಾನಿಸಬೇಡಿ.

ಒಂದು ವಿಷಯದಲ್ಲಿ ಮಾತ್ರ ಕಾಯುತ್ತ ಕೂರಬಾರದು. ನಿದ್ದೆ, ಊಟ ವಾರಗಟ್ಟಲೆ ಕೆಟ್ಟರೆ, ಕುಡಿತ ಹೆಚ್ಚಾದರೆ, ‘ನಾನಿಲ್ಲದಿದ್ದರೆ ನಿಮಗೇ ಒಳ್ಳೆಯದು’ ಎಂಬಂಥ ಮಾತು ಬಂದರೆ, ಲೆಕ್ಕಪತ್ರಗಳನ್ನೆಲ್ಲ ಇದ್ದಕ್ಕಿದ್ದಂತೆ ನಿಮ್ಮ ಕೈಗೆ ಒಪ್ಪಿಸತೊಡಗಿದರೆ, ನೇರವಾಗಿ ಕೇಳಿ: ‘ಸಾಯುವ ಯೋಚನೆ ಏನಾದರೂ ಬರ್ತಿದೆಯಾ?’ ಹೀಗೆ ಕೇಳುವುದರಿಂದ ಇಲ್ಲದ ಯೋಚನೆ ಹುಟ್ಟುವುದಿಲ್ಲ. ಬರುತ್ತಿದೆ ಎಂದರೆ ಅವರನ್ನು ಒಂಟಿಯಾಗಿ ಬಿಡಬೇಡಿ, ಕಳೆನಾಶಕ, ಕೀಟನಾಶಕಗಳನ್ನು ಕೈಗೆ ಸಿಗದ ಹಾಗೆ ತೆಗೆದಿಡಿ, ವೈದ್ಯರಲ್ಲಿಗೆ ಕರೆದೊಯ್ಯಿರಿ. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಹಗಲು ರಾತ್ರಿ ಎನ್ನದೆ ಉಚಿತವಾಗಿ, ಕನ್ನಡದಲ್ಲಿಯೇ ಮಾತನಾಡುತ್ತಾರೆ. ನೀವೂ ಕರೆ ಮಾಡಬಹುದು. ನಮ್ಮ ದೇಶದಲ್ಲಿ ಆತ್ಮಹತ್ಯೆ ಮಾಡಿಕೊಳ್ಳುವವರಲ್ಲಿ 100ಕ್ಕೆ 70ರಷ್ಟು ಮಂದಿ ಗಂಡಸರೇ ಎಂಬುದನ್ನು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ ವರದಿಗಳು ವರ್ಷವರ್ಷವೂ ತೋರಿಸುತ್ತಿರುವಾಗ, ಮೌನವನ್ನು ಗಂಡಸರ ಸ್ವಭಾವ ಎಂದು ಬಿಟ್ಟುಬಿಡಲು ನನಗೆ ಮನಸ್ಸಾಗುವುದಿಲ್ಲ.

ಪ್ರಶ್ನೆ: ನಾನು ಶಿವಮೊಗ್ಗ ಸಮೀಪದ ಸಹಕಾರ ಸಂಘವೊಂದರಲ್ಲಿ ಸಾಲದ ವಿಭಾಗ ನೋಡಿಕೊಳ್ಳುತ್ತೇನೆ. ವಯಸ್ಸು 28. ವಯಸ್ಸಾದ ರೈತರು ಬಂದವರೇ, ‘ಗಂಡಸರು ಯಾರೂ ಇಲ್ವನಮ್ಮ?’ ಎನ್ನುತ್ತಾರೆ. ವಿನಯದಿಂದ ಇರಬೇಕು ಎಂದು ಹಿರಿಯರು ಹೇಳುತ್ತಾರೆ. ಎಷ್ಟು ಎಂದು ತಗ್ಗುವುದು?

ಉತ್ತರ: ತಗ್ಗಲೇಬೇಡಿ. ವಿನಯ ಎಂದರೆ ತನ್ನ ಕೆಲಸವನ್ನು ತನ್ನದಲ್ಲ ಎಂದು ಬಿಟ್ಟುಕೊಡುವುದಲ್ಲ.

ಆದರೂ ಆ ಮಾತನ್ನು ಆಡಿದವರೆಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ಓದು ಬಾರದ ಮುದುಕರೊಬ್ಬರಿಗೆ, ಅರ್ಜಿಯಲ್ಲಿ ಏನು ಬರೆದಿದೆ ಎಂದು ಗೊತ್ತಾಗದಿರುವುದನ್ನು ಮೊಮ್ಮಗಳ ವಯಸ್ಸಿನ ಹುಡುಗಿಯ ಮುಂದೆ ಒಪ್ಪಿಕೊಳ್ಳುವುದು ನಾಚಿಕೆಯ ಸಂಗತಿಯಾಗಿರುತ್ತದೆ. ಆ ನಾಚಿಕೆಯೇ ಎಷ್ಟೋ ಸಲ ಗತ್ತಿನ ವೇಷ ಹಾಕಿಕೊಂಡು ಬರುತ್ತದೆ. ‘ಸಾಲದ ಕೆಲಸ ನಾನೇ ನೋಡುವುದು, ಬನ್ನಿ ಅಜ್ಜ, ಕೂತ್ಕೊಳ್ಳಿ. ಪಹಣಿ ತಂದಿದ್ದೀರಾ? ಅರ್ಜಿ ನಾನೇ ಓದಿ ಹೇಳ್ತೇನೆ’ ಎಂದರೆ ನಿಮ್ಮ ಸ್ಥಾನವೂ ಉಳಿಯಿತು, ಅವರ ಮಾನವೂ ಉಳಿಯಿತು. ಬೇಕೆಂದೇ, ತಿಳಿದೂ ತಿಳಿದೂ ಹಗುರಮಾಡುವವರಿಗೆ ಒಂದು ಸಲ ಸ್ಪಷ್ಟವಾಗಿ ಹೇಳಿ, ಎರಡನೆಯ ಸಲಕ್ಕೆ ಕಾರ್ಯದರ್ಶಿಯವರಿಗೆ ಬರವಣಿಗೆಯಲ್ಲಿ ಕೊಡಿ. ಅಲ್ಲಿ ಸಹಾನುಭೂತಿಯ ಹೆಸರಿನಲ್ಲಿ ನೀವು ಸಹಿಸಿಕೊಂಡಿರಬೇಕಾದ್ದು ಏನೂ ಇಲ್ಲ.

ಪ್ರಶ್ನೆ: ಬೆಂಗಳೂರಿನ ಕೆಲಸವನ್ನು ಮನೆಯಿಂದಲೇ ಮಾಡುತ್ತ ಸಾಗರದ ಹತ್ತಿರದ ನಮ್ಮೂರಿಗೆ ಮರಳಿದ್ದೇನೆ. ವಯಸ್ಸು 26. ನಮ್ಮ ತೋಟಕ್ಕೆ 40 ವರ್ಷದಿಂದ ಬರುತ್ತಿರುವ, ಮೊದಲು ಮರ ಹತ್ತಿ ಅಡಿಕೆ ಗೊನೆ ಇಳಿಸುವ ಕೊನೆಗಾರರಾಗಿದ್ದ ಹಿರಿಯರೊಬ್ಬರನ್ನು ಅಪ್ಪಯ್ಯ ಇಂದಿಗೂ ಏಕವಚನದಲ್ಲೇ ಕರೆಯುತ್ತಾರೆ. ಅವರ ಕಾಫಿ ಲೋಟ ಇಂದಿಗೂ ಜಗಲಿಯ ಮೂಲೆಯಲ್ಲಿದೆ. ನಾನು ‘ನೀವು’ ಎಂದರೆ ಅಪ್ಪಯ್ಯನಿಗೆ ಸಿಟ್ಟು, ಅವರಿಗೆ ಮುಜುಗರ. ಮೊನ್ನೆ ಅವರು ಮಂಡಿನೋವಿನ ಮಾತೆತ್ತಿದಾಗ, ‘ನಿಮ್ಮ ಕಷ್ಟ ನನಗೆ ಅರ್ಥವಾಗುತ್ತದೆ’ ಎಂದೆ. ‘ಹೌದಾ ಸಣ್ಣಯ್ಯ’ ಎಂದು ಸುಮ್ಮನಾದರು. ಅಪಮಾನವಾದಂತೆ ಅನಿಸಿತು.

ಉತ್ತರ: ಅಪಮಾನ ಎಂದುಕೊಳ್ಳಬೇಡಿ. 26ನೆಯ ವಯಸ್ಸಿನಲ್ಲಿ ನೆರಳಿನಲ್ಲಿ ಕುಳಿತು ಕೆಲಸ ಮಾಡುವವರಿಗೆ, ಕಾಲಿಗೆ ತಳೆ ಹಾಕಿಕೊಂಡು ಮರ ಹತ್ತಿ ಸವೆದ ಮಂಡಿಯ ನೋವು ಅರ್ಥವಾಗುವುದು ಸಾಧ್ಯವಿಲ್ಲ, ಅದು ಅವರಿಗೂ ಗೊತ್ತು, ನಿಮಗೂ ಗೊತ್ತು. ಈ ‘ಅರ್ಥವಾಗುತ್ತದೆ’ ಎಂಬ ಮಾತನ್ನು ನಾನೂ ಒಮ್ಮೆ ಆಡಿ ಪಶ್ಚಾತ್ತಾಪ ಪಟ್ಟಿದ್ದೇನೆ. ಬೆಳೆದ ಮಗನನ್ನು ಕಳೆದುಕೊಂಡ ಒಬ್ಬರು ನನ್ನ ಮುಂದೆ ಮಾತಾಡುತ್ತಿದ್ದವರು, ನಾನು ಆ ಮಾತು ಆಡಿದ ಕೂಡಲೇ ಚೀಲ ತೆಗೆದುಕೊಂಡು ಎದ್ದರು. ಅವರನ್ನು ನಾನು ಮತ್ತೆ ನೋಡಲಿಲ್ಲ. ಅಂದಿನಿಂದ ಆ ಮಾತನ್ನು ಬಿಟ್ಟು, ‘ಹೇಳಿ, ಕೇಳ್ತೇನೆ’ ಎಂಬುದನ್ನು ಇಟ್ಟುಕೊಂಡಿದ್ದೇನೆ.

‘ನೀವು’ ಎಂಬುದನ್ನು ಬಿಡಬೇಡಿ, ಆದರೆ ಅದನ್ನು ಅಪ್ಪಯ್ಯನ ಮೇಲಿನ ಬಾಣವಾಗಿ ಬಳಸಬೇಡಿ. ಅವರಿಬ್ಬರ ನಡುವಿನ 40 ವರ್ಷದಲ್ಲಿ ದರ್ಪವೂ ಇರಬಹುದು, ಸಲುಗೆಯೂ ಇರಬಹುದು. ಎರಡೂ ಒಂದೇ ಏಕವಚನದಲ್ಲಿ ಬೆರೆತಿರುವುದು ನಮ್ಮ ಸೀಮೆಯ ಗಂಟು. ನೀವಿರುವ ಸಾಗರ ತಾಲ್ಲೂಕಿಗೆ ಇದರ ಚರಿತ್ರೆಯೇ ಇದೆ. 1951ರ ಕಾಗೋಡು ಸತ್ಯಾಗ್ರಹ ಗೇಣಿಯ ಬತ್ತ ಅಳೆಯುವ ಕೊಳಗದ ಗಾತ್ರದ ಜಗಳದಿಂದ ಹೊತ್ತಿಕೊಂಡರೂ, ಎಚ್. ಗಣಪತಿಯಪ್ಪನವರ ಮುಂದಾಳತ್ವದಲ್ಲಿ ಗೇಣಿದಾರರು ಕೇಳಿದ್ದು ಅಳತೆಯ ನ್ಯಾಯವೊಂದನ್ನೇ ಅಲ್ಲ, ಮನುಷ್ಯರಂತೆ ನಡೆಸಿಕೊಳ್ಳಿ ಎಂಬುದನ್ನೂ ಕೇಳಿದ್ದರು. ರಾಮಮನೋಹರ ಲೋಹಿಯಾ ಇಲ್ಲಿಗೆ ಬಂದು ಸೆರೆಯಾದದ್ದು ಆ ಹೋರಾಟದಲ್ಲೇ. ನಿಮ್ಮ ತೋಟದ ಹಿರಿಯರ ತಂದೆಯೋ ಅಜ್ಜನೋ ಆ ಕಾಲವನ್ನು ಕಂಡವರಿರಬಹುದು. ನಿಮ್ಮ ‘ನೀವು’ ಅವರಿಗೆ ಮುಜುಗರ ತರುವುದು ಬೇಡವಾಗಿ ಅಲ್ಲ, ಅದು ಎಷ್ಟು ದಿನ ಇರುತ್ತದೆಂದು ಗೊತ್ತಿಲ್ಲದ ಕಾರಣಕ್ಕೆ ಎಂದು ನನಗೆ ತೋರುತ್ತದೆ. ದಿನವೂ, ಅಪ್ಪಯ್ಯ ಇದ್ದಾಗಲೂ ಇಲ್ಲದಾಗಲೂ, ಒಂದೇ ದನಿಯಲ್ಲಿ ಹೇಳುತ್ತ ಬನ್ನಿ.

ಮತ್ತು ಆ ಲೋಟ. ಬಾಯಲ್ಲಿ ‘ನೀವು’ ಎಂದು, ಲೋಟವನ್ನು ಮೂಲೆಯಲ್ಲೇ ಇರಲು ಬಿಟ್ಟರೆ ಆ ಬಹುವಚನಕ್ಕೆ ಬೆಲೆಯಿಲ್ಲ. ನಾಳೆ ಎಲ್ಲರ ಲೋಟದಲ್ಲಿ ಒಂದಕ್ಕೆ ಕಾಫಿ ಹಾಕಿ, ಇನ್ನೊಂದರಲ್ಲಿ ನಿಮಗೂ ತೆಗೆದುಕೊಂಡು, ಅವರ ಪಕ್ಕದಲ್ಲಿ ಕುಳಿತು ಕುಡಿಯಿರಿ. ಭಾಷಣ ಬೇಡ. ಕುಡಿಯುತ್ತ, ಒಂದು ಮರದ ತುದಿಯಿಂದ ಇಳಿಯದೆ ತೂಗಿಕೊಂಡೇ ಇನ್ನೊಂದು ಮರ ಹಿಡಿಯುವುದನ್ನು ಅವರು ಯಾರಿಂದ ಕಲಿತರು, ಮೊದಲ ಸಲ ಹೆದರಿಕೆಯಾಗಲಿಲ್ಲವೇ ಎಂದು ಕೇಳಿ. ಅವರು ಗುರುವಾಗಿ, ನೀವು ಶಿಷ್ಯನಾಗಿ ಕೂರುವ ಹೊತ್ತು ಅದು. ಮಂಡಿನೋವಿನ ಮಾತು ಅದರ ಜೊತೆ ತಾನಾಗಿ ಬಂದರೆ, ಆಸ್ಪತ್ರೆಗೆ ಕರೆದುಕೊಂಡು ಹೋಗಲು ಬೈಕೋ ಕಾರೋ ನಿಮ್ಮಲ್ಲಿ ಇದ್ದೇ ಇರುತ್ತದೆ.

ಪ್ರಶ್ನೆ: ನಮ್ಮ ಮಾವಯ್ಯನಿಗೆ 75 ದಾಟಿದೆ. ಶರಾವತಿ ಹಿನ್ನೀರಿನಲ್ಲಿ ಮುಳುಗಿದ ಊರಿನವರು. ಮಳೆಗಾಲ ಬಂದರೆ ದಿನವೂ ಪೇಪರಿನಲ್ಲಿ ಲಿಂಗನಮಕ್ಕಿಯ ನೀರಿನ ಮಟ್ಟವನ್ನು ಗಟ್ಟಿಯಾಗಿ ಓದುತ್ತಾರೆ. ಆಮೇಲೆ ಅದೇ ಹಳೆಯ ಮನೆಯ ಕಥೆ. 12 ವರ್ಷದಿಂದ ಕೇಳಿ ಕೇಳಿ ನನಗೆ ಬಾಯಿಪಾಠವಾಗಿದೆ. ಬೆಳಗಿನ ಅಡುಗೆಯ ಗಡಿಬಿಡಿಯಲ್ಲಿ ‘ಗೊತ್ತು ಮಾವಯ್ಯ, ಹೇಳಿದ್ದೀರಿ’ ಎಂದುಬಿಡುತ್ತೇನೆ. ಅವರು ಪೇಪರ್ ಮಡಚಿಡುತ್ತಾರೆ. ಆಮೇಲೆ ಇಡೀ ದಿನ ನನ್ನ ಮನಸ್ಸು ಕೊರೆಯುತ್ತದೆ.

ಉತ್ತರ: ಕೊರೆಯುವ ಮನಸ್ಸು ನಿಮ್ಮದು ಎಂಬುದೇ ನನಗೆ ಸಮಾಧಾನ ತಂದಿತು. ಬೆಳಗಿನ ಒಲೆಯ ಮುಂದೆ ನಿಂತವರಿಗೆ ಕಥೆ ಕೇಳುವಷ್ಟು ಬಿಡುವಿರುವುದಿಲ್ಲ, ಅದರಲ್ಲಿ ತಪ್ಪು ಹುಡುಕಬೇಕಾಗಿಲ್ಲ.

ಆದರೆ ಅವರು ಓದುತ್ತಿರುವ ಅಂಕಿ ಏನೆಂದು ಒಮ್ಮೆ ಯೋಚಿಸಿ ನೋಡಿ. ಲಿಂಗನಮಕ್ಕಿಯ ಗರಿಷ್ಠ ಮಟ್ಟ 1819 ಅಡಿ. ನಮಗೆ ಅದು ಕರೆಂಟಿನ ಲೆಕ್ಕ, ಮಳೆಯ ಲೆಕ್ಕ. ಅವರಿಗೆ ಆ ಏಣಿಯ ಒಂದೊಂದು ಮೆಟ್ಟಿಲೂ ಒಂದೊಂದು ಜಾಗ: ಇಷ್ಟಡಿಗೆ ಗದ್ದೆ, ಇಷ್ಟಡಿಗೆ ಕೊಟ್ಟಿಗೆ, ಇಷ್ಟಡಿಗೆ ತುಳಸಿಕಟ್ಟೆ. ಅಣೆಕಟ್ಟು ಪೂರ್ಣಗೊಂಡ 1964ರಲ್ಲಿ ಅವರು 13-14ರ ಹುಡುಗ. ಮನೆಯ ಹೆಂಚು, ತೊಲೆ, ಪಾತ್ರೆ, ದನಗಳ ಜೊತೆ ಜನರನ್ನು ಲಾರಿಗೆ ಹತ್ತಿಸಿ ಎಲ್ಲೋ ಕಾಡಿನಲ್ಲಿ ಇಳಿಸಿದ ಆ ದಿನಗಳಲ್ಲಿ ಆ ವಯಸ್ಸಿನ ಹುಡುಗನನ್ನು ‘ನಿನಗೆ ಹೇಗನಿಸುತ್ತಿದೆ’ ಎಂದು ಕೇಳಿದವರು ಯಾರೂ ಇದ್ದಿರಲಾರರು. ಗಂಡುಹುಡುಗ, ಸಾಮಾನು ಹೊರಬೇಕಿತ್ತು. ನಾಡಿಗೆ ಬೆಳಕು ಕೊಡಲು ಮನೆ ಬಿಟ್ಟವರಲ್ಲಿ ಎಷ್ಟೋ ಕುಟುಂಬಗಳಿಗೆ, ಸಿಕ್ಕ ಜಮೀನಿನ ಹಕ್ಕಿನ ಪ್ರಶ್ನೆ 60 ವರ್ಷ ಕಳೆದರೂ ಬಗೆಹರಿದಿಲ್ಲ ಎಂಬುದನ್ನು ನಮ್ಮ ಜಿಲ್ಲೆಯವರಾದ ನಾವು ಮರೆಯಬಾರದು. ಅದೇ ಕಥೆಯನ್ನು ಮತ್ತೆ ಮತ್ತೆ ಹೇಳುವವರು, ಅದರಲ್ಲಿ ಇನ್ನೂ ಹೇಳದೆ ಉಳಿದ ಯಾವುದೋ ಒಂದು ತುಣುಕಿನ ಸುತ್ತ ಸುತ್ತುತ್ತಿರುತ್ತಾರೆ ಎಂದು ನನ್ನ ನಂಬಿಕೆ. ನಿಮಗೆ ಬಾಯಿಪಾಠವಾಗಿರುವುದು ಅವರು ಹೇಳಿದಷ್ಟು ಮಾತ್ರ.

ಆದ್ದರಿಂದ ‘ಹೇಳಿದ್ದೀರಿ’ ಎನ್ನುವ ಬದಲು ಹೇಳದೇ ಇರುವುದನ್ನು ಕೇಳಿ. ‘ಮಾವಯ್ಯ, ಬಾವಿ ಮನೆಯ ಯಾವ ದಿಕ್ಕಿಗಿತ್ತು?’ ‘ಅತ್ತೆಯಮ್ಮ, ಅಂದರೆ ನಿಮ್ಮ ಅಮ್ಮ, ಕೊನೆಯ ದಿನ ಏನು ಅಡುಗೆ ಮಾಡಿದ್ದರು?’ ‘ನಾಯಿ ಇತ್ತಾ? ಅದು ಲಾರಿ ಹತ್ತಿತಾ?’ ಬೆಳಿಗ್ಗೆ ಆಗದಿದ್ದರೆ, ‘ಈಗ ಕೈ ಬಿಡುವಿಲ್ಲ, ಸಂಜೆ ಹಲಸಿನ ಬೀಜ ಸುಲಿಯುವಾಗ ಹೇಳಿ, ನನಗೆ ಕೇಳಬೇಕು’ ಎಂದು ಹೇಳಿ, ಸಂಜೆ ಮರೆಯದೆ ನೀವೇ ನೆನಪಿಸಿ. ನೆನಪಿಸುವುದು ಮುಖ್ಯ, ಇಲ್ಲದಿದ್ದರೆ ಅದು ಸಾಗಹಾಕುವ ಮಾತಾಗುತ್ತದೆ. ಮಕ್ಕಳಿದ್ದರೆ ಒಂದು ಹಾಳೆ ಕೊಟ್ಟು, ಅಜ್ಜ ಹೇಳಿದ ಹಾಗೆ ಮನೆಯ ನಕ್ಷೆ ಬರೆಯಲು ಹೇಳಿ.

ಬೇಸಿಗೆಯಲ್ಲಿ ನೀರು ಬಹಳ ಇಳಿದ ವರ್ಷಗಳಲ್ಲಿ, ಲಿಂಗನಮಕ್ಕಿಗಿಂತ ಮೊದಲು ಕಟ್ಟಿ ಆಮೇಲೆ ಅದರಲ್ಲೇ ಮುಳುಗಿದ ಹಿರೇಭಾಸ್ಕರ ಅಣೆಕಟ್ಟು ಮಡೇನೂರಿನ ಬಳಿ ಮೇಲೆದ್ದು ಕಾಣುತ್ತದೆ. ಮಾವಯ್ಯನ ಕಾಲು ಗಟ್ಟಿಯಿರುವಾಗಲೇ, ಅಂಥ ಒಂದು ಮೇ ತಿಂಗಳಲ್ಲಿ ಬುತ್ತಿ ಕಟ್ಟಿಕೊಂಡು ಹಿನ್ನೀರಿನ ಅಂಚಿಗೆ ಅವರನ್ನು ಕರೆದುಕೊಂಡು ಹೋಗಿ. ಬಿರುಕುಬಿಟ್ಟ ಕೆಸರಿನ ಮೇಲೆ ಅವರು ಕೋಲು ಊರಿ ಯಾವ ಕಡೆಗೆ ನಡೆಯುತ್ತಾರೋ ಆ ಕಡೆಗೆ, ಅವರಿಗಿಂತ ಒಂದು ಹೆಜ್ಜೆ ಹಿಂದೆ ನಡೆಯಿರಿ.